ಕಾರ್ನಾಡು ಸದಾಶಿವರಾಯರು

ನಾಯಕನೆಂಬ ಮಾತನ್ನು ನಾವು ಬಲು ಅಗ್ಗವಾಗಿ ಬಳಸುತ್ತೇವೆ. ಸಭೆಯಲ್ಲಿ ಮುಂದಿನ ಕುರ್ಚಿ ಹಿಡಿದವರೆಲ್ಲರೂ ನಾಯಕರೇ. ಆದಕಾರಣ ನಮ್ಮ ಹಳೆಯ ಜಿಲ್ಲೆಯ ಮಹನೀಯರೊಬ್ಬರನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ತೋರಿತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದ ಅಂಗವೇ ಆಗಿತ್ತಷ್ಟೆ. ಮಂಗಳೂರಿನ ಕಾರ್ನಾಡು ಸದಾಶಿವರಾಯರು ಆ ಸಂಬಂಧದಿಂದ ನಮ್ಮವರೂ ಹೌದು.

ರಾಯರು ಜನಿಸಿದುದು 1881ರಲ್ಲಿ. ತಂದೆ ರಾಮಚಂದ್ರರಾಯರು ಹೆಸರಾಂತ ವಕೀಲರು. ಮನೆಯಲ್ಲಿ ಸಿರಿತನಕ್ಕೆ ಕೊರತೆಯಿರಲಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾನೂನು ಕಲಿತು ಬಂದ ತರುಣನಿಗೆ ವಕೀಲಿಯ ಹಾದಿ ತೆರೆದೇ ಇತ್ತು. ಅದರಲ್ಲಿಯೇ ನಡೆದಿದ್ದರೆ ಸುಖವಾಗಿ ಬಾಳುತ್ತಿದ್ದರು. ನಾವೂ ಅವರನ್ನು ಮರೆತಿರುತ್ತಿದ್ದೆವು.

ಧೈರ್ಯವೆಂದೊಡನೆ ಸೆರೆಮನೆಯ ನೆನಪಾಗುವುದು ರೂಢಿ. ರಾಯರ ಧೈರ್ಯದ ಪರೀಕ್ಷೆ ಅದಕ್ಕೂ ಮೊದಲು, ತಮ್ಮ ಜನರ ನಡುವೆಯೇ ನಡೆಯಿತು. 1911ರಲ್ಲಿ ಅವರು ಪತ್ನಿ ಶಾಂತಾಬಾಯಿಯವರೊಡನೆ ಮಂಗಳೂರಿನಲ್ಲಿ ಮಹಿಳಾ ಸಭೆಯನ್ನು ಸ್ಥಾಪಿಸಿದರು. ವಿಧವೆಯರಿಗೂ ಬಡ ಹೆಂಗಸರಿಗೂ ವಿದ್ಯೆಯನ್ನೂ ಕೈಕಸುಬನ್ನೂ ಕಲಿಸಿ ಅವರನ್ನು ಸ್ವಾವಲಂಬಿಗಳನ್ನಾಗಿ ಮಾಡುವುದು ಅದರ ಉದ್ದೇಶ. ವಿಧವೆಯು ಹೊಸಿಲು ದಾಟಿದರೆ ಊರೆಲ್ಲ ಆಡಿಕೊಳ್ಳುತ್ತಿದ್ದ ಕಾಲವದು. ಅದೇ ಊರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದುದಕ್ಕಾಗಿ ಸ್ವಜಾತಿಯವರ ಬಹಿಷ್ಕಾರಕ್ಕೆ ಗುರಿಯಾಗಿದ್ದರು. ಇಂಥ ಕೆಲಸಕ್ಕೆ ತೆರಬೇಕಾದ ಬೆಲೆ ಯಾರಿಗೂ ಗುಟ್ಟಾಗಿರಲಿಲ್ಲ. ಪರಕೀಯ ಸರಕಾರವನ್ನು ಎದುರಿಸಿದವನ ಕೊರಳಿಗೆ ಜನ ಹಾರ ಹಾಕಿಯಾರು, ತನ್ನ ಕೇರಿಯವರನ್ನೇ ಎದುರಿಸಿದವನಿಗೆ ಹಾರವೆಲ್ಲಿಯದು? ಸೆರೆವಾಸಕ್ಕಿಂತ ಇದೇ ಕಠಿನವೆಂಬುದು ನಮ್ಮ ಅಭಿಪ್ರಾಯ.

ಮುಂದೆ ಗಾಂಧೀಜಿಯವರ ಸತ್ಯಾಗ್ರಹಕ್ಕೆ ಕರ್ನಾಟಕದಿಂದ ಮೊದಲು ಹೆಸರು ಕೊಟ್ಟವರೆಂಬ ಕೀರ್ತಿ ಅವರಿಗೆ ಸಂದಿತು. 1920ರ ಆಗಸ್ಟಿನಲ್ಲಿ ಗಾಂಧೀಜಿ ಮಂಗಳೂರಿಗೆ ಬಂದರು. ಅಸಹಕಾರದ ಕರೆಗೆ ಓಗೊಟ್ಟು ರಾಯರು ವಕೀಲಿಯನ್ನು ತೊರೆದರು. ರಾಷ್ಟ್ರೀಯ ಶಿಕ್ಷಣಕ್ಕಾಗಿ ತಿಲಕ ವಿದ್ಯಾಲಯವನ್ನು ತೆರೆದರು. 1923ರಲ್ಲಿ, ತುಳುವರು 'ಮಾರಿ ಬೊಳ್ಳ'ವೆಂದು ಹೆಸರಿಟ್ಟ ನೆರೆ ನೇತ್ರಾವತಿಯ ದಡದ ಮನೆಗಳನ್ನು ಕೊಚ್ಚಿಕೊಂಡು ಹೋದಾಗ ಮನೆ ಕಳೆದುಕೊಂಡವರ ನೆರವಿಗೆ ನಿಂತರು. ಪತ್ನಿಯನ್ನು ಕಳೆದುಕೊಂಡ ದುಃಖವಾಗಲಿ ಮತ್ತೆ ಮತ್ತೆ ಬಂದ ಸೆರೆವಾಸವಾಗಲಿ ಅವರನ್ನು ಕಾರ್ಯದಿಂದ ಹಿಂದೆಗೆಯಿಸಲಿಲ್ಲ.

ಇಷ್ಟಕ್ಕೆಲ್ಲ ಹಣವೆಲ್ಲಿಂದ ಬಂದಿತು? ಬಹುಮಟ್ಟಿಗೆ ಅವರ ಸ್ವಂತ ಗಂಟಿನಿಂದ. ತಂದೆ ಗಳಿಸಿಟ್ಟುದು ಕರಗಿತು, ತಾವು ಗಳಿಸಿದುದೂ ಕರಗಿತು. ಮೊದಲು ತಾನು ಕೊಟ್ಟು ಬರಿಗೈಯಾದವನ ಮಾತಿಗೆ ಜನ ಕಿವಿಗೊಟ್ಟರೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಮಾತನ್ನು ಹೇಳದಿರಲಾರೆವು. ಒಬ್ಬನೇ ಮನುಷ್ಯನ ಗಂಟನ್ನು ನಂಬಿ ಸಾರ್ವಜನಿಕ ಕಾರ್ಯ ಸಾಗುವುದು ಆತನಿಗೆ ಭೂಷಣವೇ ಸರಿ, ಸುತ್ತಲಿನವರಿಗೆ ಭೂಷಣವಲ್ಲ. ಕೊಡುವವರೊಬ್ಬರು ಇದ್ದಾರೆಂದು ಉಳಿದವರು ಕೈಕಟ್ಟಿ ಕುಳಿತರೆ ಅವರ ತ್ಯಾಗವನ್ನು ನಾವು ಉಂಡಂತೆಯೇ. ಗಡಿನಾಡಿನ ಕನ್ನಡ ಶಾಲೆಗಳನ್ನೂ ಸಂಘಗಳನ್ನೂ ಇಬ್ಬರು ಮೂವರ ಹೆಗಲ ಮೇಲೆ ಹೊರಿಸಿರುವ ನಮ್ಮವರು ಲೆಕ್ಕದ ಪುಸ್ತಕವನ್ನು ತೆರೆದು ನೋಡಿಕೊಳ್ಳಬಹುದು.

1936ರ ಡಿಸೆಂಬರಿನಲ್ಲಿ ಖಾನದೇಶದ ಫೈಜಪುರದಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಹಳ್ಳಿಯೊಂದರಲ್ಲಿ ನಡೆದ ಮೊದಲ ಅಧಿವೇಶನವದು. ಅಲ್ಲಿಗೆ ಹೋದ ರಾಯರು ಜ್ವರ ಹಿಡಿದು ಮಲಗಿದರು. 1937ರ ಜನವರಿ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ವಯಸ್ಸು ಅರುವತ್ತನ್ನೂ ಮುಟ್ಟಿರಲಿಲ್ಲ. ಸಿರಿವಂತರಾಗಿ ಹುಟ್ಟಿದವರ ಕೈಯಲ್ಲಿ ಕೊನೆಗೆ ಏನೂ ಉಳಿದಿರಲಿಲ್ಲ.

ಮಂಗಳೂರಿನ ಹಂಪನಕಟ್ಟೆಯ ಬಳಿ ನಮ್ಮವರು ದಿನವೂ ಓಡಾಡುವ ಕೆ.ಎಸ್. ರಾವ್ ರಸ್ತೆ ಅವರ ಹೆಸರಿನದು. ಹೆಸರನ್ನು ಮೊಟಕುಗೊಳಿಸಿದುದರಿಂದ ಅನೇಕರಿಗೆ ಅದು ತಿಳಿಯದು. ಬೆಂಗಳೂರಿನ ಸದಾಶಿವನಗರವೂ ಅವರ ಹೆಸರಿನದೇ. ಅಲ್ಲಿಯ ನಿವೇಶನಗಳ ಬೆಲೆ ಇಂದು ಸಾಮಾನ್ಯ ಸಂಸಾರಿಗೆ ಎಟುಕುವಂಥದಲ್ಲ.