ಹೆಡ್‌ಮಿಸ್ಟ್ರೆಸ್ ಆದ ಓಟಗಾರ್ತಿ

1936ರ ಬರ್ಲಿನ್ ಒಲಿಂಪಿಕ್ಸ್ ಎಂದೊಡನೆ ನಾಲ್ಕು ಚಿನ್ನದ ಪದಕ ಗೆದ್ದ ಜೆಸ್ಸಿ ಓವೆನ್ಸ್ ನೆನಪಾಗುತ್ತಾನೆ. ಅದೇ ಅಮೆರಿಕ ತಂಡದಲ್ಲಿ ಟೈಡಿ ಪಿಕೆಟ್ ಎಂಬ ಹೆಣ್ಣುಮಗಳೂ ಇದ್ದಳು. ಮಕ್ಕಳಿಗೆ ಪಾಠ ಹೇಳುತ್ತಲೇ ತಲೆ ನರೆತ ನನಗೆ ಆಕೆಯೇ ಹೆಚ್ಚು ಹತ್ತಿರದವಳು. ಓಟ ಮುಗಿಸಿ ಆಕೆ ಬಂದದ್ದೂ ನಮ್ಮ ಕಸುಬಿಗೇ.

ಟೈಡಿ 1914ರಲ್ಲಿ ಶಿಕಾಗೋದಲ್ಲಿ ಹುಟ್ಟಿದಳು. ಕಪ್ಪು ಜನಾಂಗದವಳು. ಉದ್ದಜಿಗಿತದ ಪಟು ಜಾನ್ ಬ್ರೂಕ್ಸ್ ಆಕೆಯ ಓಟ ಮೆಚ್ಚಿ ತರಬೇತಿ ಕೊಟ್ಟ. 1932ರಲ್ಲಿ, ಹದಿನೇಳರ ಹರೆಯದಲ್ಲೇ, ಲಾಸ್ ಏಂಜಲಿಸ್ ಒಲಿಂಪಿಕ್ಸಿನ ರಿಲೇ ತಂಡಕ್ಕೆ ಆಯ್ಕೆಯಾದಳು. ಜೊತೆಗೆ ಲೂಯಿಸ್ ಸ್ಟೋಕ್ಸ್ ಎಂಬ ಇನ್ನೊಬ್ಬ ಕಪ್ಪು ಹುಡುಗಿ. ದಾರಿಯಲ್ಲಿ ಡೆನ್ವರ್ ಊರಿನ ಹೋಟೆಲಿನಲ್ಲಿ ಇವರಿಬ್ಬರನ್ನು ಬೇರೆ ಇರಿಸಿ, ಊಟವನ್ನೂ ಕೋಣೆಗೇ ಕಳಿಸಿದರು. ಓಟದ ದಿನ ಇವರ ಜಾಗದಲ್ಲಿ ಓಡಿದವರು ಬಿಳಿಯ ಹುಡುಗಿಯರು. ತಂಡಕ್ಕೆ ಚಿನ್ನ ಬಂತು. ಇವರಿಬ್ಬರ ಕೊರಳು ಬರಿದಾಗಿಯೇ ಉಳಿಯಿತು.

ನಾನಾಗಿದ್ದರೆ ಅಂದೇ ಬೂಟು ಬಿಚ್ಚಿಡುತ್ತಿದ್ದೆನೇನೋ. ಟೈಡಿ ಬಿಡಲಿಲ್ಲ. ನಾಲ್ಕು ವರ್ಷದ ಬಳಿಕ ಬರ್ಲಿನ್‌ನಲ್ಲಿ 80 ಮೀಟರ್ ಹರ್ಡಲ್ಸ್ ಓಡಿ, ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ ಅಮೆರಿಕದ ಮೊದಲ ಕಪ್ಪು ಮಹಿಳೆ ಎನಿಸಿದಳು. ಸೆಮಿಫೈನಲ್ಲಿನಲ್ಲಿ ಕಾಲು ಹರ್ಡಲಿಗೆ ಬಡಿದು ಮೂಳೆ ಮುರಿಯಿತು. ಪದಕದ ಆಸೆ ಅಲ್ಲಿಗೆ ಮುಗಿಯಿತು. ಲೂಯಿಸಳಿಗಂತೂ ಈ ಸಲವೂ ಓಡಲು ಸಿಗಲಿಲ್ಲ.

ಮುಂದೆ ಟೈಡಿ ಪದವಿ, ಸ್ನಾತಕೋತ್ತರ ಪದವಿ ಪಡೆದು ಶಿಕ್ಷಕಿಯಾದಳು. ಶಿಕಾಗೋ ಬಳಿಯ ಈಸ್ಟ್ ಶಿಕಾಗೋ ಹೈಟ್ಸ್‌ನ ಪ್ರಾಥಮಿಕ ಶಾಲೆಯೊಂದಕ್ಕೆ 23 ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದಳು. 1980ರಲ್ಲಿ ನಿವೃತ್ತಿಯಾದಾಗ ಆ ಶಾಲೆಗೆ ಆಕೆಯದೇ ಹೆಸರಿಟ್ಟರು. 1986ರಲ್ಲಿ ಆಕೆ ತೀರಿಕೊಂಡಳು.

ಮುಖ್ಯೋಪಾಧ್ಯಾಯಿನಿಯ ಕೆಲಸ ಎಂಥದೆಂದು ನಮಗೆ ಗೊತ್ತು. ಹಾಜರಿ ಪುಸ್ತಕ, ಮಕ್ಕಳ ಜಗಳ, ತಾಯಂದಿರ ದೂರು, ಚಪ್ಪಾಳೆ ತಟ್ಟುವವರಿಲ್ಲ. ಅದರ ಜೊತೆಗೆ ಇನ್ನೊಂದು ಅಧಿಕಾರವೂ ಉಂಟು: ಯಾವ ಮಗು ಮುಂದೆ ಬರಬೇಕು, ಯಾವುದು ಹಿಂದೆ ನಿಲ್ಲಬೇಕು ಎಂದು ಹೇಳುವುದು. ಹದಿನೇಳರಲ್ಲಿ ಪಟ್ಟಿಯಲ್ಲಿದ್ದೂ ಓಡಲಾಗದೆ ಉಳಿದವಳ ಕೈಗೆ ಆ ಅಧಿಕಾರ ಬಂತು. ಅದನ್ನು ಅವಳಷ್ಟು ಅರಿತವರು ಯಾರಿದ್ದಾರು? ಕ್ರೀಡಾದಿನಕ್ಕೆ ಹುಡುಗಿಯರ ಹೆಸರು ಬರೆಯುವ ನಮ್ಮ ಕೈಯಲ್ಲೂ ಅದೇ ಅಧಿಕಾರ ಇದೆ, ಗೆಳತಿಯರೇ.