ಹಗುರ ಲಿನಕ್ಸ್ ಡಿಸ್ಟ್ರೋಗಳ ಇತಿಹಾಸ

ಹಳೆಯ ಅಥವಾ ಕಡಿಮೆ ಸಾಮರ್ಥ್ಯದ ಕಂಪ್ಯೂಟರುಗಳಿಗಾಗಿ ರೂಪಿಸಿದ ಲಿನಕ್ಸ್ ವಿತರಣೆಗಳಿಗೆ ಹಗುರ ಡಿಸ್ಟ್ರೋ ಎನ್ನುವುದು ರೂಢಿ. ಹಗುರ ಎಂದರೆ ಯಾವುದರಲ್ಲಿ ಎಂಬ ಬಗ್ಗೆ ಮಾತ್ರ ಒಮ್ಮತವಿಲ್ಲ. ಡೌನ್‌ಲೋಡ್ ಕಡತದ ಗಾತ್ರ, ಬೇಕಾಗುವ ರ‍್ಯಾಮ್, ಪ್ರೊಸೆಸರಿನ ಹಳಮೆ ಈ ಮೂರನ್ನೂ ಒಂದೇ ಅಳತೆಯೆಂಬಂತೆ ಬೆರೆಸುವ ಪಟ್ಟಿಗಳೇ ಹೆಚ್ಚು.

ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್, ಇನ್‌ಸ್ಟಾಲ್ ಮಾಡದೆ ಸಿಡಿಯಿಂದಲೇ ಓಡುವ ಲಿನಕ್ಸನ್ನು ಜನಪ್ರಿಯಗೊಳಿಸಿತು. ಅದನ್ನು ಆಧರಿಸಿ ಜಾನ್ ಆಂಡ್ರ್ಯೂಸ್ ಕಟ್ಟಿದ ಡ್ಯಾಮ್ ಸ್ಮಾಲ್ ಲಿನಕ್ಸ್ (ಡಿಎಸ್‌ಎಲ್) 50 ಎಂಬಿ ದಾಟಬಾರದೆಂಬ ಕಟ್ಟು ಹಾಕಿಕೊಂಡಿತ್ತು. ವಿಸಿಟಿಂಗ್ ಕಾರ್ಡ್ ಅಳತೆಯ ಸಿಡಿಯಲ್ಲಿ ಹಿಡಿಯುವಷ್ಟು ಅದು. 486 ಪ್ರೊಸೆಸರ್, 16 ಎಂಬಿ ರ‍್ಯಾಮ್ ಇದ್ದರೂ ನಡೆಯುತ್ತಿತ್ತು.

ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪ್ಪಿ ಲಿನಕ್ಸಿನ ಮೂಲದ ಬಗ್ಗೆ ಬರಹಗಳು ಒಂದೇ ಮಾತು ಹೇಳುವುದಿಲ್ಲ. ಅದು ವೆಕ್ಟರ್ ಲಿನಕ್ಸಿನಿಂದ ಹೊರಟಿತೆನ್ನುವುದು ಒಂದು. ಬೂಟ್ ಡಿಸ್ಕ್ ತಯಾರಿಸುವ ಕೈಪಿಡಿಯಿಂದ ತೊಡಗಿ ಕಡತಕ್ಕೆ ಕಡತ ಸೇರಿಸುತ್ತ ಬೆಳೆಸಿದ್ದೆನ್ನುವುದು ಇನ್ನೊಂದು. ಮುಂದಿನ ಆವೃತ್ತಿಗಳಲ್ಲಿ ಈ ಪ್ರಶ್ನೆಗೇ ಹೆಚ್ಚು ಅರ್ಥ ಉಳಿಯಲಿಲ್ಲ. ವೂಫ್ ಎಂಬ ಕಟ್ಟುವ ಸಾಧನ ಬಂದ ಮೇಲೆ ಬೇರೆ ಡಿಸ್ಟ್ರೋಗಳ ಪ್ಯಾಕೇಜುಗಳಿಂದಲೇ ಪಪ್ಪಿ ತಯಾರಾಗತೊಡಗಿತು: 2010ರ ಲೂಸಿಡ್ ಪಪ್ಪಿಗೆ ಉಬುಂಟು, ಸ್ಲ್ಯಾಕೋ ಪಪ್ಪಿಗೆ ಸ್ಲ್ಯಾಕ್‌ವೇರ್ ಆಧಾರ. ಇಡೀ ವ್ಯವಸ್ಥೆ ರ‍್ಯಾಮಿಗೆ ಏರಿ ಕೂರುವುದು ಪಪ್ಪಿಯ ವೇಗದ ಗುಟ್ಟು. ಹಾಗಾಗಿ ಕಡತ ಚಿಕ್ಕದೆಂದ ಮಾತ್ರಕ್ಕೆ ರ‍್ಯಾಮ್ ಕಡಿಮೆ ಸಾಕು ಎನ್ನಲಾಗದು.

ತಂತ್ರಾಂಶ ಸೇರಿಸುವ ಬಗೆ ಈ ಚರಿತ್ರೆಯ ನಿಜವಾದ ತಿರುವು, ಆದರೆ ಅದರ ಬಗ್ಗೆ ಬರೆದದ್ದು ಕಡಿಮೆ. ಡಿಎಸ್‌ಎಲ್‌ಗೆ ಮೈಡಿಎಸ್‌ಎಲ್, ಪಪ್ಪಿಗೆ ಪೆಟ್ ಎಂಬ ಸ್ವಂತ ಪ್ಯಾಕೇಜುಗಳಿದ್ದವು. ಡಿಎಸ್‌ಎಲ್‌ನಲ್ಲಿ ದುಡಿದಿದ್ದ ರಾಬರ್ಟ್ ಶಿಂಗಲ್‌ಡೆಕರ್ 2008ರ ಕೊನೆಯ ಹೊತ್ತಿಗೆ ತಂದ ಟೈನಿ ಕೋರ್ ಸುಮಾರು 10 ಎಂಬಿಯದು. ಅದರಲ್ಲಿ ತಂತ್ರಾಂಶದ ಕಡತಗಳು ಮೂಲ ವ್ಯವಸ್ಥೆಯೊಳಗೆ ಬೆರೆಯುವುದಿಲ್ಲ. ಟಿಸಿಝಡ್ ಎಂಬ ಓದಲಷ್ಟೇ ಬರುವ ಕಟ್ಟುಗಳಾಗಿ ಮೌಂಟ್ ಆಗುತ್ತವೆ, ಪ್ರತಿ ಬೂಟ್‌ನಲ್ಲೂ ವ್ಯವಸ್ಥೆ ಶುಚಿಯಾಗಿ ಏಳುತ್ತದೆ. ಇಂಥ ಸ್ವಂತ ಪ್ಯಾಕೇಜುಗಳ ಸಣ್ಣ ಭಂಡಾರಗಳ ತೊಂದರೆಯೆಂದರೆ, ನೋಡಿಕೊಳ್ಳುವವರು ಬೆರಳೆಣಿಕೆಯಷ್ಟೇ ಇರುವಲ್ಲಿ ಪ್ಯಾಕೇಜುಗಳು ಬೇಗ ಹಳತಾಗುತ್ತವೆ.

ಡಿಎಸ್‌ಎಲ್‌ನ ಸ್ಥಿರ ಆವೃತ್ತಿಗಳು 2008ರಲ್ಲೇ ನಿಂತವು. 2024ರಲ್ಲಿ ಆಂಡ್ರ್ಯೂಸ್ ಅದನ್ನು ಮತ್ತೆ ಎಬ್ಬಿಸಿದಾಗ ಆಧಾರ ಆಂಟಿಎಕ್ಸ್ ಎಂಬ ಡಿಸ್ಟ್ರೋ, ಮಿತಿ ಒಂದು ಸಿಡಿಯಷ್ಟು, ಅಂದರೆ 700 ಎಂಬಿ. ತಂತ್ರಾಂಶ ಸೇರಿಸಲು ಸ್ವಂತ ಪ್ಯಾಕೇಜುಗಳ ಬದಲು ಡೆಬಿಯನ್ ಡಿಸ್ಟ್ರೋದ ಪ್ಯಾಕೇಜ್ ಸಾಧನ ಆಪ್ಟ್. ಇಂದಿನ ವೆಬ್ ಬ್ರೌಸರ್ ಒಂದೇ 50 ಎಂಬಿ ಮೀರುವಾಗ ಹಳೆಯ ಕಟ್ಟು ಉಳಿಯುವಂತಿರಲಿಲ್ಲ. ಆಪ್ಟ್ ಇರುವಲ್ಲಿ ಕನ್ನಡ ಅಕ್ಷರಗಳಿಗೂ ಡೆಬಿಯನ್ ಭಂಡಾರದ ಫಾಂಟ್ ಪ್ಯಾಕೇಜೇ ಸಾಕು.

ಉಬುಂಟುವಿನ ಹಗುರ ರೂಪವೆನಿಸಿದ ಲುಬುಂಟು 2018ರಲ್ಲಿ ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪ್ ಬಿಟ್ಟು ಎಲ್‌ಎಕ್ಸ್‌ಕ್ಯೂಟಿಗೆ ಹೋಯಿತು, ಹಳೆಯ ಯಂತ್ರಗಳು ತನ್ನ ಮುಖ್ಯ ಗುರಿಯಲ್ಲವೆಂದೂ ಹೇಳಿತು. ಆದರೂ ಹಗುರ ಡಿಸ್ಟ್ರೋಗಳ ಪಟ್ಟಿಗಳಲ್ಲಿ ಅದರ ಹೆಸರು ಹಾಗೆಯೇ ಇದೆ. 2025ರ ಡೆಬಿಯನ್ 13 ಇಂಟೆಲ್ 32-ಬಿಟ್ ಕಂಪ್ಯೂಟರುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು. ಟೈನಿ ಕೋರ್‌ನ 32-ಬಿಟ್ ಆವೃತ್ತಿ ಆಗಲೂ ಬರುತ್ತಿತ್ತು.