ಹಳೆಯ ವಾಹನಗಳ ಎಂಜಿನ್ ತೈಲ

ಹಳೆಯ ವಾಹನಗಳ ಎಂಜಿನ್ ತೈಲ ಎಂದರೆ ಹಲವು ವರ್ಷಗಳ ಹಿಂದೆ ತಯಾರಾಗಿ ಇಂದಿಗೂ ಓಡುತ್ತಿರುವ ಕಾರು, ಜೀಪು ಮತ್ತು ಮೋಟಾರ್ ಸೈಕಲ್ಲುಗಳ ಎಂಜಿನ್‌ಗೆ ಹೊಂದುವ ಕೀಲೆಣ್ಣೆ. ಲೋಹದ ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುವುದು, ಪಿಸ್ಟನ್ನಿನ ಶಾಖವನ್ನು ಹೊರಸಾಗಿಸುವುದು ಮತ್ತು ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಇದರ ಮುಖ್ಯ ಕೆಲಸಗಳು. ಎಂಜಿನ್ ಹಳೆಯದಾದಷ್ಟೂ ಎಣ್ಣೆ ದಪ್ಪವಾಗಿರಬೇಕೆಂಬ ನಂಬಿಕೆ ಗ್ಯಾರೇಜುಗಳಲ್ಲಿ ವ್ಯಾಪಕವಾಗಿದೆ. ಆದರೆ ಇದು ಅರ್ಧ ಸತ್ಯ.

ದರ್ಜೆಯ ಅಂಕಿಗಳು

ಡಬ್ಬಿಯ ಮೇಲಿನ 15ಡಬ್ಲ್ಯೂ-40, 20ಡಬ್ಲ್ಯೂ-50 ಮುಂತಾದ ಅಂಕಿಗಳು ಎಸ್‌ಎಇ ಸಂಸ್ಥೆ ನಿಗದಿಪಡಿಸಿದ ಸ್ನಿಗ್ಧತೆಯ ದರ್ಜೆಗಳು. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿಸಿದರೆ, ಎರಡನೆಯದು ಮುಖ್ಯವಾಗಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ದಪ್ಪವನ್ನು ಸೂಚಿಸುತ್ತದೆ. 20ಡಬ್ಲ್ಯೂ ಎಣ್ಣೆಯ ಚಳಿಯ ಪರೀಕ್ಷೆ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ ನಡೆಯುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ಕಡೆ ಅಂಥ ಚಳಿ ಎಂದೂ ಬೀಳುವುದಿಲ್ಲ. ಹಾಗಾಗಿ 0ಡಬ್ಲ್ಯೂ ಅಥವಾ 5ಡಬ್ಲ್ಯೂ ಎಂಬ ದುಬಾರಿ ಡಬ್ಬಿಗೆ ಹಣ ತೆರುವ ಅಗತ್ಯ ಈ ಭಾಗದ ಹಳೆಯ ಎಂಜಿನ್‌ಗಳಿಗಿಲ್ಲ. ಇಲ್ಲಿ ಗಮನಿಸಬೇಕಾದದ್ದು ಎರಡನೆಯ ಅಂಕಿ ಮತ್ತು ಗುಣಮಟ್ಟದ ಗುರುತು.

ಸವೆದ ಎಂಜಿನ್‌ಗೆ ದಪ್ಪ ಎಣ್ಣೆ ಹಾಕಿದಾಗ ಶಬ್ದ ತಗ್ಗುತ್ತದೆ, ಎಣ್ಣೆ ಸುಡುವುದೂ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಸವೆದ ರಿಂಗು ಸರಿಹೋಗುವುದಿಲ್ಲ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಕೂಡಲೇ ಎಣ್ಣೆ ಮೇಲಿನ ಭಾಗಗಳಿಗೆ ತಲುಪಲು ತಡವಾಗುತ್ತದೆ, ಇಂಧನವೂ ಹೆಚ್ಚು ಖರ್ಚಾಗುತ್ತದೆ. ನೀಲಿ ಹೊಗೆ ಬರುತ್ತಿರುವ ವಾಹನಕ್ಕೆ ಒಂದು ದರ್ಜೆ ಮೇಲಿನ ಎಣ್ಣೆ ತಾತ್ಕಾಲಿಕ ಉಪಾಯವಷ್ಟೆ.

ಬಿಡದಿಯ ಕ್ವಾಲಿಸ್

ರಾಮನಗರ ತಾಲ್ಲೂಕಿನ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಮೊದಲ ವಾಹನ ಕ್ವಾಲಿಸ್. 2000ದಿಂದ 2005ರವರೆಗೆ ಮಾರಾಟವಾದ ಈ ವಾಹನದ 2.4 ಲೀಟರ್ ಡೀಸೆಲ್ ಎಂಜಿನ್‌ಗೆ ಟರ್ಬೊ ಇಲ್ಲ, ಕಾಮನ್ ರೈಲ್ ವ್ಯವಸ್ಥೆಯೂ ಇಲ್ಲ. ಇಂಥ ಎಂಜಿನ್‌ನಲ್ಲಿ ಎಣ್ಣೆ ಬೇಗ ಕಪ್ಪಾಗುವುದು ಸಹಜ. ಅದು ಮಸಿಯನ್ನು ಹಿಡಿದಿಟ್ಟುಕೊಂಡಿರುವುದರ ಲಕ್ಷಣವೇ ಹೊರತು ಕೆಟ್ಟಿರುವುದರ ಗುರುತಲ್ಲ. ಡೀಸೆಲ್ ಎಂಜಿನ್‌ಗಳ ಎಣ್ಣೆಗೆ ಎಪಿಐ ಸಂಸ್ಥೆಯ 'ಸಿ' ಶ್ರೇಣಿಯ ಗುರುತು ಇರಬೇಕು. 15ಡಬ್ಲ್ಯೂ-40 ದರ್ಜೆಯ ಸಿಐ-4 ಎಣ್ಣೆ ಸುಲಭವಾಗಿ ಸಿಗುತ್ತದೆ, ಹಿಂದಿನ ಸಿಡಿ, ಸಿಎಫ್-4 ದರ್ಜೆಗಳ ಜಾಗದಲ್ಲಿ ಬಳಸಲೂಬಹುದು. ಹೊಗೆ ಸೋಸುವ ಫಿಲ್ಟರ್ ಇರುವ ಬಿಎಸ್-6 ವಾಹನಗಳಿಗೆಂದು ತಯಾರಾದ ಕಡಿಮೆ ಬೂದಿಯ ಎಣ್ಣೆ ಇವುಗಳಿಗೆ ಬೇಕಿಲ್ಲ.

ಅಂಬಾಸಿಡರ್, ಪದ್ಮಿನಿಗಳಂಥ ಪೆಟ್ರೋಲ್ ಕಾರುಗಳ ಪ್ರಶ್ನೆ ಬೇರೆ. ಅವುಗಳ ಕ್ಯಾಮ್ ಮತ್ತು ಟ್ಯಾಪೆಟ್‌ಗಳು ಒಂದರ ಮೇಲೊಂದು ಉಜ್ಜುತ್ತ ಚಲಿಸುತ್ತವೆ. ಆ ಸವೆತವನ್ನು ತಡೆಯುವುದು ಎಣ್ಣೆಯಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ರಂಜಕವು ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುವುದರಿಂದ 2004ರ ಎಸ್‌ಎಂ ದರ್ಜೆಯಿಂದೀಚೆಗೆ ತೆಳು ಎಣ್ಣೆಗಳಲ್ಲಿ ಅದನ್ನು ಶೇ. 0.08ಕ್ಕೆ ಮಿತಿಗೊಳಿಸಲಾಗಿದೆ. 20ಡಬ್ಲ್ಯೂ-50ರಂಥ ದರ್ಜೆಗಳಿಗೆ ಈ ಮಿತಿ ಅನ್ವಯಿಸದು.

ಎರಡು ಸ್ಟ್ರೋಕ್‌ನ ಬೈಕುಗಳು

ಎಣ್ಣೆಯ ತಪ್ಪಿಗೆ ತಕ್ಷಣ ದಂಡ ತೆರಬೇಕಾದ ವಾಹನವೆಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ. 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಈ ಕಾರ್ಖಾನೆಯ 250 ಸಿಸಿ ಬೈಕುಗಳಲ್ಲಿ ಪಿಸ್ಟನ್‌ಗೆ ಪ್ರತ್ಯೇಕ ಎಣ್ಣೆಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಎಣ್ಣೆಯೇ ಆಧಾರ. ಲೀಟರಿಗೆ 40 ಮಿ.ಲೀ. ಎಂದರೆ 25ಕ್ಕೆ 1ರ ಪ್ರಮಾಣ. ಐದು ಲೀಟರಿಗೆ 200 ಮಿ.ಲೀ. ಎಣ್ಣೆ. ಮಾದರಿ ಮತ್ತು ಎಣ್ಣೆಯ ಗುಣಕ್ಕೆ ತಕ್ಕಂತೆ ಇದು ಬದಲಾಗುತ್ತದೆಯಾದ್ದರಿಂದ ಕೈಪಿಡಿಯ ಅಳತೆಯೇ ಪ್ರಮಾಣ. ಹೊಗೆ ಕಡಿಮೆಯಾಗಲೆಂದು ಎಣ್ಣೆಯನ್ನು ತಗ್ಗಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ. ಆಗ ಬೋರ್ ಮಾಡಿಸುವ ಖರ್ಚು ಹಲವು ವರ್ಷಗಳ ಎಣ್ಣೆಯ ಬೆಲೆಯನ್ನು ಮೀರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲೇಟರ್ ಪೂರ್ಣ ಮುಚ್ಚಿಕೊಂಡು ಗೇರಿನಲ್ಲೇ ಇಳಿಯುವುದೂ ಅಪಾಯ. ಪೆಟ್ರೋಲು ಬರದಿದ್ದರೆ ಎಣ್ಣೆಯೂ ಬರುವುದಿಲ್ಲ. ಇವುಗಳ ಗೇರ್‌ಬಾಕ್ಸ್ ಮತ್ತು ಕ್ಲಚ್‌ಗೆ ಬೇರೆಯೇ ಎಣ್ಣೆಯಿದ್ದು, ಅದನ್ನು ಮರೆಯುವವರೇ ಹೆಚ್ಚು.

ಹೀರೊ ಹೋಂಡಾ ಮೊದಲಾದ ನಾಲ್ಕು ಸ್ಟ್ರೋಕ್ ಬೈಕುಗಳಲ್ಲಿ ಎಂಜಿನ್, ಗೇರ್ ಮತ್ತು ಕ್ಲಚ್ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿಗೆಂದು ತಂದ ಎಣ್ಣೆಯಲ್ಲಿ ಘರ್ಷಣೆ ತಗ್ಗಿಸುವ ಅಂಶಗಳಿದ್ದರೆ ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ. ಡಬ್ಬಿಯ ಮೇಲೆ 'ಜಾಸೊ ಎಂಎ' ಎಂಬ ಗುರುತು ಇರುವುದನ್ನು ನೋಡಿಕೊಳ್ಳಬೇಕು.

ಬದಲಾವಣೆ ಮತ್ತು ವಿಲೇವಾರಿ

ರೇಷ್ಮೆಗೂಡನ್ನೋ ಹಾಲನ್ನೋ ಹೊತ್ತು ನಾಲ್ಕಾರು ಕಿಲೋಮೀಟರಷ್ಟೇ ಓಡಿ ನಿಲ್ಲುವ ವಾಹನದ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗೆ ಸೇರಿದ ನೀರಾವಿ ಮತ್ತು ಇಂಧನ ಎಣ್ಣೆಯಲ್ಲೇ ಉಳಿಯುತ್ತವೆ. ಕಲ್ಲುಗಣಿಗಳ ಹಾದಿಯ ದೂಳು ಏರ್ ಫಿಲ್ಟರ್ ದಾಟಿದರೆ ಎಣ್ಣೆ ಉಜ್ಜುಗಾಗದದಂತೆ ಕೆಲಸ ಮಾಡುತ್ತದೆ. ಇಂಥಲ್ಲಿ ಕಿಲೋಮೀಟರ್ ಲೆಕ್ಕ ತುಂಬದಿದ್ದರೂ ವರ್ಷಕ್ಕೊಮ್ಮೆಯಾದರೂ ಎಣ್ಣೆ ಮತ್ತು ಆಯಿಲ್ ಫಿಲ್ಟರನ್ನು ಬದಲಿಸಬೇಕು. ಎಣ್ಣೆ ಸುಡುವ ವಾಹನದಲ್ಲಿ ಡಿಪ್‌ಸ್ಟಿಕ್ಕನ್ನು ವಾರಕ್ಕೊಮ್ಮೆ ನೋಡುವುದು ಒಳ್ಳೆಯದು.

ಬಳಸಿ ತೆಗೆದ ಎಣ್ಣೆ 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಗೆದ್ದಲು ತಡೆಯಲು ಅದನ್ನು ಬೇಲಿಯ ಕಂಬಕ್ಕೆ ಬಳಿಯುವುದು, ಚರಂಡಿಗೆ ಚೆಲ್ಲುವುದು ಹಳ್ಳಿಗಳಲ್ಲಿ ಇನ್ನೂ ಕಾಣುತ್ತದೆ. ಮಣ್ಣಿಗೆ ಬಿದ್ದ ಎಣ್ಣೆ ಮಳೆನೀರಿನೊಡನೆ ಅರ್ಕಾವತಿ, ಕಣ್ವ ಹೊಳೆಗಳನ್ನು ಸೇರಬಹುದು. ಇದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಶೇಖರಿಸಿ, ಹಳೆಯ ಎಣ್ಣೆ ಸಂಗ್ರಹಿಸುವ ಅಧಿಕೃತ ಮರುಸಂಸ್ಕರಣಾ ಘಟಕಕ್ಕೆ ಗ್ಯಾರೇಜಿನ ಮೂಲಕ ತಲುಪಿಸಬೇಕು.